ಇಳಿಜಾರಿನಲ್ಲಿ ‘ಫೇರ್ಲಿ ಗುಡ್’

ಮಾನ್ಯ ಬಸ್ ಡಿಪೋ ವ್ಯವಸ್ಥಾಪಕರೇ,

ನನ್ನ ಸೊಸೆ ಓಡಿಸುವ ಬಸ್ಸಿನ ಬ್ರೇಕು ಹಿಡಿಯುತ್ತಿಲ್ಲ. ನಾಳೆ ಬೆಳಿಗ್ಗೆ ಅದೇ ಬಸ್ಸು ಶಾಲೆಯ ಮಕ್ಕಳನ್ನು ತುಂಬಿಕೊಂಡು ಗುಡ್ಡದ ರಸ್ತೆ ಇಳಿಯಲಿದೆ. ನನ್ನ ಜೀವ ಬಾಯಿಗೆ ಬಂದಿದೆ. ಅದಕ್ಕೇ ಈ ಪತ್ರವನ್ನು ನಿಮ್ಮ ಗೇಟಿಗೇ ಅಂಟಿಸುತ್ತಿದ್ದೇನೆ. ನೀವೂ ಓದಿ, ಊರೂ ಓದಲಿ.

ಬಸ್ಸು ಹೇಗಿದೆಯೆಂದು ಚಾಲಕರು ದಿನಾ ಸಂಜೆ ಡಿಪೋದ ಮೈಕಿನ ಮುಂದೆ ಇಂಗ್ಲಿಷಿನಲ್ಲೇ ಹೇಳಬೇಕೆಂಬುದು ನಿಮ್ಮ ಆಜ್ಞೆ. ತಪ್ಪಿದರೆ ನೀವು ನೇಮಿಸಿದ ಇಂಗ್ಲಿಷ್ ಮೇಷ್ಟ್ರು ಅದೇ ಮೈಕಿನಲ್ಲಿ ತಿದ್ದುತ್ತಾರೆ. ಹೊಸ ಟೈರು ಬಂದ ದಿನ ಸೊಸೆ ‘ಟೂ ಹ್ಯಾಪಿ’ ಎಂದಳು. “ಟೂ ಅಂದ್ರೆ ಬೇಕಾದ್ದಕ್ಕಿಂತ ಜಾಸ್ತಿ ಕಣಮ್ಮಾ. ಅಷ್ಟೊಂದು ಸಂತೋಷ ತಡ್ಕೊಳ್ಳೋಕಾಗ್ತಿಲ್ವಾ?” ಎಂದರಂತೆ ಮೇಷ್ಟ್ರು. ಡಿಪೋಗೆ ಡಿಪೋವೇ ನಕ್ಕಿತು. ಇನ್ನೊಬ್ಬ ‘ವೆರಿ ಎಕ್ಸಲೆಂಟ್’ ಎಂದ. ಈಗ ಹೆಂಡತಿಯೂ ಅವನನ್ನು ಹಾಗೇ ಕರೆಯುತ್ತಾಳೆ. ಎಕ್ಸಲೆಂಟಿನ ಹೆಗಲ ಮೇಲೆ ವೆರಿ ಕೂರುವುದಿಲ್ಲ, ಒಪ್ಪಿದೆ ಸ್ವಾಮೀ. ಆದರೆ ನಗೆಗೆ ಹೆದರಿದ ಚಾಲಕರೆಲ್ಲ ಎಂದೂ ತಿದ್ದುಪಡಿಯಾಗದ ಒಂದೇ ಮಾತನ್ನು ಹಿಡಿದುಕೊಂಡರಲ್ಲ? ‘ಫೇರ್ಲಿ ಗುಡ್’, ಅಂದರೆ ತಕ್ಕಮಟ್ಟಿಗೆ ಚೆನ್ನಾಗಿದೆ. ಇಂಜಿನ್ನೂ ಫೇರ್ಲಿ ಗುಡ್, ಹೊಗೆಯೂ ಫೇರ್ಲಿ ಗುಡ್! ಇಷ್ಟು ಶುದ್ಧ ವ್ಯಾಕರಣದ ಬಸ್ಸುಗಳು ಲೋಕದಲ್ಲಿ ಬೇರೆಲ್ಲಿವೆ?

ಈ ಸಂಜೆ ಸೊಸೆ ಬಂದವಳೇ ಹೊಸ್ತಿಲಲ್ಲಿ ಕುಸಿದು ಕೂತಳು.

“ಪೆಡಲ್ಲು ತಳ ಮುಟ್ಟಿದ್ರೂ ಬಸ್ಸು ನಿಲ್ಲಲಿಲ್ಲ ಮಾವ. ಗೇರಲ್ಲೇ ತಡ್ಕೊಂಡು ಬಂದೆ.”

“ಮೈಕಲ್ಲಿ ಏನಂದೆ?”

“ಫೇರ್ಲಿ ಗುಡ್.”

“ಅಯ್ಯೋ ತಾಯಿ! ಕೆಟ್ಟಿದೆ ಅನ್ನೋಕೇನು ದಾಡಿ?”

“ಎಷ್ಟು ಕೆಟ್ಟಿದೆ ಅಂತಾರೆ. ವೆರಿ ಅನ್ಲಾ, ಟೂ ಅನ್ಲಾ? ಬಾಯಿ ಒಣಗಿ ರೂಢಿ ಮಾತೇ ಬಂತು. ಈಗ ಆ ಬಸ್ಸು ಓಡಿಸೊಲ್ಲ ಅಂದ್ರೆ ಕೆಲಸ ಹೋಗುತ್ತೆ.”

ಎದ್ದೆನೋ ಬಿದ್ದೆನೋ ಎಂದು ಡಿಪೋಗೆ ಓಡಿದೆ. ನೀವು ಮನೆಗೆ ಹೋಗಿದ್ದಿರಿ. “ಮೈಕಲ್ಲಿ ಬಂದದ್ದಕ್ಕಷ್ಟೇ ನಾವು ಕೈ ಹಾಕೋದು” ಎಂದ ಮೆಕ್ಯಾನಿಕ್. ಕಾವಲುಗಾರನಂತೂ ಬೆನ್ನು ತಟ್ಟಿದ: “ಫೇರ್ಲಿ ಗುಡ್ ಇದ್ಯಲ್ಲ ಅಜ್ಜಾ, ಯಾಕೆ ಹೆದರ್ತೀರಿ?”

ಬ್ರೇಕು ಬಿಚ್ಚಿ ನೋಡುವವರೆಗೆ ಆ ಬಸ್ಸು ಹೊರಡಕೂಡದು. ಇನ್ನು ಮುಂದೆ ಚಾಲಕರು ಭಯವಾದಾಗ ತಮ್ಮ ಬಾಯಿಗೆ ಬರುವ ಭಾಷೆಯಲ್ಲೇ ವರದಿ ಹೇಳಲಿ. ಇಲ್ಲವಾದರೆ ಬೆಳಿಗ್ಗೆ ನಾನು ಈ ಗೇಟಿನೆದುರು ನಿಂತಿರುತ್ತೇನೆ. ನನ್ನನ್ನು ಕಂಡು ಸೊಸೆ ಬ್ರೇಕು ಒತ್ತುತ್ತಾಳೆ. ಅದು ಹಿಡಿಯುತ್ತದೆಂಬ ನಂಬಿಕೆ ನಿಮಗಿದ್ದರೆ, ದಯವಿಟ್ಟು ಬಂದು ನನ್ನ ಪಕ್ಕದಲ್ಲಿ ನಿಲ್ಲಿ.

ಇಂತಿ,
ಗೇಟಿನೆದುರು ಕಾಯಲಿರುವ,
ನಿಮ್ಮ ಚಾಲಕಿಯ ಮಾವ