ಮಾವನ ಕಾಂಟೆಸ್ಸಾಕ್ಕೆ ಹೊಸ ಗ್ಯಾಸು

ರೀ, ಎದ್ದ ಕೂಡಲೆ ಕಾರು ಕಾಣದೆ ಗಾಬರಿಯಾಗಬೇಡಿ. ಮಾವನ ಕಾಂಟೆಸ್ಸಾದಲ್ಲಿ ತಂಗಿಯ ಮಗಳು ಸಾಧನಾಳ ಸೀಮಂತಕ್ಕೆ ಮೂಡುಬಿದಿರೆಗೆ ಹೊರಟೆ.

ಎ.ಸಿ. ಸರಿಯಾಯಿತು! ಹಳೆಯ ಗ್ಯಾಸು ಸಿಗುವುದಿಲ್ಲವೆಂದು ನೀವು ಕೈಬಿಟ್ಟಿರಿ. ನಿನ್ನೆ ನೀವು ಕಾರ್ಕಳದಲ್ಲಿದ್ದಾಗ ಬಿ.ಸಿ.ರೋಡಿನ ಮೆಕ್ಯಾನಿಕ್ ಎಣ್ಣೆ, ರಬ್ಬರ್ ಪೈಪು ಬದಲಿಸಿ ಈಗಿನ ಗ್ಯಾಸು ತುಂಬಿಸಿಕೊಟ್ಟರು. "ಕಂಪ್ರೆಸರ್ ಗಟ್ಟಿ ಉಂಟು ಅಕ್ಕ, ಹೆದರ್ಬೇಡಿ" ಎಂದರು.

"ಸೆಕೆ ಎಲ್ಲರಿಗೂ ಉಂಟು ಮಾರಾಯ್ತಿ" ಎನ್ನುತ್ತೀರಿ. ನನ್ನದು ಮುಟ್ಟು ನಿಲ್ಲುವ ಕಾಲದ ಉರಿ, ಒಳಗಿಂದ ಏಳುತ್ತದೆ. ಬೆವರಿ ಒದ್ದೆಯಾಗಿ ನಾಲ್ಕು ಜನರೆದುರು ನಿಲ್ಲಲಾರದೆ ಮದುವೆಗಳಿಗೆ ಹೋಗುವುದನ್ನೇ ಬಿಟ್ಟಿದ್ದೆ. ನಿನ್ನೆ ದಾರಿಯಲ್ಲಿ ಉರಿ ಎದ್ದಾಗ ಗಾಜು ಏರಿಸಿ ಎ.ಸಿ. ಹಾಕಿ ಕುಳಿತೆ, ತಣ್ಣಗೆ ಇಳಿಯಿತು. ಇನ್ನು ಸೀಮಂತದಲ್ಲಿ ಉರಿ ಎದ್ದರೂ ಕಾರಿಗೆ ಬಂದು ಕೂರಬಹುದು, ಅದೇ ನೆಮ್ಮದಿ.

ಗಂಜಿ ಕುಕ್ಕರಿನಲ್ಲಿ ಉಂಟು. ಊಟದ ಹೊತ್ತಿಗೆ ಬಸ್ಸಿನಲ್ಲಿ ಬನ್ನಿ. ವಾಪಸು ಒಟ್ಟಿಗೆ ಬರುವ, ಕಾರು ನಾನೇ ಓಡಿಸುತ್ತೇನೆ.