ಗುರುದೇವಿಗೆ, ಮಂಗಳವಾರದ ಓಟಕ್ಕೆ ಮೊದಲು

ಧಾರವಾಡ, ೨೨೧೪, ಉರಿತಿಂಗಳ ಒಂಬತ್ತು

ಗುರುದೇವಿ,

ಉರಿತಿಂಗಳು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ಬೇಸಿಗೆ ಹನ್ನೆರಡು ತಿಂಗಳೊಳಗೆ ಹಿಡಿಸದೆ ಹೋದಾಗ ನಮ್ಮವರು ಸೇರಿಸಿಕೊಂಡ ಹದಿಮೂರನೆಯ ತಿಂಗಳು ಅದು. ನಿನ್ನ ಕಾಲದ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತವಳು. ಮಾತು ವಿಚಿತ್ರವೆನಿಸಿದರೆ ಕ್ಷಮಿಸು. ನಿನ್ನ ತಂಗಿ ಚಂಪಾಳಿಂದ ಎಣಿಸಿದರೆ ನಾನು ಏಳನೆಯ ತಲೆಮಾರು. ಹೆಸರು ತಾರಕಿ, ವಯಸ್ಸು ಹತ್ತೊಂಬತ್ತು.

ಈ ತಿಂಗಳು ನಾವು ಹಗಲೆಲ್ಲ ನೆಲದಡಿಯ ತಂಪುಮನೆಗಳಲ್ಲಿ ಸಾಲಾಗಿ ಮಲಗುತ್ತೇವೆ. ಕೊರಳಲ್ಲಿ ನಿದ್ದೆಗುಂಡಿ ಇರುತ್ತದೆ. ಅಂಗಿಯ ಗುಂಡಿಯಷ್ಟೇ ಗಾತ್ರ. ನಿದ್ದೆ ಬಾರದಿದ್ದರೆ ಬೆಳಗುತ್ತದೆ. ಅದನ್ನು ಕಂಡವರು ಬಂದು ಪಕ್ಕದಲ್ಲಿ ಕೂರುತ್ತಾರೆ. ಯಾರಾದರೂ ಎದೆನೋವು ಎಂದರೆ, ಪರೀಕ್ಷೆ ಮುಗಿಯುವವರೆಗೆ ಆ ನೋವಿಗೆ ಯಾರೂ ಹೆಸರಿಡುವಂತಿಲ್ಲ. ‘ಬರೀ ಇಂಥದ್ದು’ ಎಂದು ಬಾಯಿ ತಪ್ಪಿದರೆ ಹಿರಿಯರೂ ಎದ್ದು ಹೊರಗೆ ಹೋಗಬೇಕು. ಇದಕ್ಕೆ ‘ಹೆಸರಿಲ್ಲದ ಗಳಿಗೆ’ ಎನ್ನುತ್ತೇವೆ. ಶುರುಮಾಡಿದವಳು ಚಂಪಾ. ಕಾರಣ ನೀನು.

ಪೊಲೀಸ್ ಸಬ್‌ಇನ್ಸ್‌ಪೆಕ್ಟರ್ ಪರೀಕ್ಷೆಗೆ ಓದುತ್ತ, ಅದರ ಓಟಕ್ಕೂ ಅಭ್ಯಾಸ ಮಾಡುತ್ತ ಈ ಊರಿನ ಬಾಡಿಗೆ ಕೋಣೆಯಲ್ಲಿದ್ದಾಗ ನೀನು ಅವಳಿಗೆ ಕಳಿಸಿದ ಧ್ವನಿಸಂದೇಶಗಳಲ್ಲಿ ಹದಿನಾಲ್ಕು ಉಳಿದಿವೆ. ಮೂರು ತಾಸಿನ ನಿದ್ದೆ, ಊಟದ ಬದಲು ಚಹಾ, ಓಡುವಾಗ ಎದೆ ಹಿಂಡಿದಂತಾಗುವುದು, ಒಮ್ಮೆ ಮೈದಾನದಲ್ಲಿ ಕಣ್ಣು ಕತ್ತಲಾಗಿ ಬಿದ್ದದ್ದು, ಎಲ್ಲವನ್ನೂ ನಗುತ್ತಲೇ ಹೇಳಿದ್ದೀಯ. ಕೋಣೆಯ ಗೆಳತಿ ಶಿವಲೀಲಾಳ ದನಿಯೂ ಇದೆ: “ಗ್ಯಾಸ್ ಇರ್ತೈತಿ ಬಿಡಲೇ, ಸೋಡಾ ಕುಡಿ. ಮೇಡಮ್ಮಾರು ತೇಗಿದ್ರ ಕಳ್ಳರು ತಾವ ಓಡ್ತಾರ.” ಅವಳು ಹೋದಮೇಲೆ ನೀನು ದನಿ ತಗ್ಗಿಸುತ್ತೀಯ. “ಚಂಪಿ, ಇದು ಗ್ಯಾಸ್ ಅಲ್ಲಂತ ನನಗೂ ಗೊತ್ತೈತಿ. ಖರೇ ಹೇಳಿದ್ರ ಅಪ್ಪ ಬಂದು ಊರಿಗೆ ಕರ್ಕೊಂಡು ಹೋಗ್ತಾನ. ಮಂಗಳವಾರ ಓಟ ಮುಗೀಲಿ, ಆಮ್ಯಾಲೆ ತೋರಸ್ತೇನಿ. ಅಲ್ಲೀತನ ನೀನೂ ಗ್ಯಾಸ್ ಅಂತನ ಹೇಳು.”

ಚಂಪಾ ಮನೆಯಲ್ಲಿ ಹಾಗೆಯೇ ಹೇಳಿದಳು. ಮಂಗಳವಾರ ನೀನು ಮೈದಾನದಿಂದ ಮರಳಲಿಲ್ಲ; ಹದಿನೈದನೆಯ ಸಂದೇಶವಿಲ್ಲ.

ನಿನ್ನ ವಯಸ್ಸಿನವರ ಎದೆನೋವು ಬಹುಪಾಲು ಆತಂಕದಿಂದ, ಆಮ್ಲದಿಂದ, ಸ್ನಾಯುಗಳ ಸೆಳೆತದಿಂದ ಬರುವಂಥದ್ದು. ನಿದ್ದೆಗೇಡು ಅದನ್ನು ಹೆಚ್ಚಿಸುತ್ತದೆ. ಶಿವಲೀಲಾಳಿಗೂ ಎದೆ ಉರಿಯುತ್ತಿತ್ತು. ಅವಳದು ನಿಜವಾಗಿಯೂ ಗ್ಯಾಸ್. ಅವಳು ಮುದುಕಿಯಾಗಿ ಸತ್ತಳು. ನಿನ್ನದು ಹೃದಯದ ಗೋಡೆ ದಪ್ಪವಾಗುವ, ವಂಶದಲ್ಲಿ ಹರಿದು ಬರುವ ಕಾಯಿಲೆ. ಓಡುವಾಗ ಬಂದ ನೋವೂ ಆ ಬಿದ್ದದ್ದೂ ಅದರ ಗುರುತುಗಳಾಗಿದ್ದವು.

ನಮ್ಮ ಮನೆಯಲ್ಲಿ ಹತ್ತೊಂಬತ್ತು ತುಂಬಿದವರು ಹೃದಯ ಪರೀಕ್ಷೆಯ ದಿನ ನಿನಗೊಂದು ಪತ್ರ ಬರೆಯಬೇಕು. ಇದು ಮೂವತ್ತೊಂಬತ್ತನೆಯದು. ಇಂದು ನನ್ನ ಎದೆಯಲ್ಲೂ ಅದೇ ದಪ್ಪ ಗೋಡೆ ಕಂಡಿತು. ಔಷಧವಿದೆ; ಓಡುವ ಹಾಗಿಲ್ಲ, ಬದುಕುತ್ತೇನೆ. ಆದರೆ ಮಧ್ಯಾಹ್ನ ಗುಂಡಿ ಬೆಳಗಿತು. ಅಜ್ಜಿ ಬಂದು ಕೈ ಹಿಡಿದು ಕೂತಳು. ನಿನ್ನ ಕೊನೆಯ ಸಂದೇಶವನ್ನು ಮತ್ತೆ ಕೇಳಿದೆ. ಮಾತು ಮುಗಿದ ಮೇಲೂ ಅದರಲ್ಲಿ ಆರು ಸೆಕೆಂಡು ನಿನ್ನ ಉಸಿರಿದೆ.

ಒಂದು ವೇಳೆ ಈ ಪತ್ರ ತಲುಪಿ ನೀನು ಓಡದಿದ್ದರೆ, ಚಂಪಾ ಯಾವ ಪದ್ಧತಿಯನ್ನೂ ಶುರುಮಾಡಲಿಕ್ಕಿಲ್ಲ; ನನ್ನ ಕಾಯಿಲೆ ಯಾರ ಕಣ್ಣಿಗೂ ಬೀಳಲಿಕ್ಕಿಲ್ಲ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಆ ಸಂದೇಶದಲ್ಲಿ ಇನ್ನೂ ಸೋಮವಾರ ಸಂಜೆ. ಚಂಪಾಳಿಗೆ ಮತ್ತೊಮ್ಮೆ ಫೋನ್ ಮಾಡು. ಹೇಳಬೇಡವೆಂದದ್ದನ್ನು ಅಪ್ಪನಿಗೆ ಹೇಳು ಎನ್ನು. ಅವಳಿಗೆ ಹದಿನಾರು ವರ್ಷ. ನೀನು ಹೇಳಿದಂತೆಯೇ ಮಾಡುತ್ತಾಳೆ.

ತಾರಕಿ