ಹೆಸರು ಹೇಳದೆ ಓದಿದ ಕೋರಿಕೆ

ಪೋರ್ಟ್ ಮರಿಯಾ, ಜಮೈಕಾ
ಗುರುವಾರ

ಸಿಸ್ಟರ್ ವರ್ಲೀನ್ ಅವರಿಗೆ,

ನಮ್ಮ ಚರ್ಚಿನ ಬುಧವಾರದ ಮಹಿಳಾ ಕೂಟದಲ್ಲಿ ಒಬ್ಬರ ಪಾಪವನ್ನು ಇನ್ನೊಬ್ಬರು ಕೇಳಿ ಅಲ್ಲೇ ಬಿಡಬೇಕೆಂದು ನಿಯಮ ಮಾಡಿದವರು ನೀವು. ಅದನ್ನು ನಂಬಿಯೇ, ಹಾಸಿಗೆ ಹಿಡಿದ ಅಮ್ಮ ಬೇಗ ಹೋಗಿಬಿಡಲಿ ಎಂದು ಒಮ್ಮೊಮ್ಮೆ ಅನ್ನಿಸುತ್ತದೆಂದು ಒಪ್ಪಿಕೊಂಡೆ.

ಭಾನುವಾರ ನೀವು ಅದನ್ನು ಪ್ರಾರ್ಥನೆಯ ಕೋರಿಕೆಗಳ ಜೊತೆ ಓದಿದಿರಿ. ಹೆಸರು ಹೇಳಲಿಲ್ಲ, ನಿಜ. ‘ತಾಯಿಯ ಸಾವು ಬಯಸುವ ನಮ್ಮ ಟೀಚರ್ ಸಹೋದರಿ’ ಎಂದಿರಿ. ಸಭೆಯಲ್ಲಿ ಟೀಚರ್ ನಾನೊಬ್ಬಳೇ. ಅಮ್ಮ ಮನೆಯಲ್ಲಿ ಮಲಗಿಕೊಂಡೇ ಆರಾಧನೆಯನ್ನು ಫೋನಿನಲ್ಲಿ ಕೇಳುತ್ತಾಳೆಂಬುದು ನಿಮಗೆ ಗೊತ್ತಿತ್ತು.

ಸೋಮವಾರ ಮೆಕ್ಕೆಜೋಳದ ಗಂಜಿ ಕೊಟ್ಟರೆ, “ಮೊದ್ಲು ನೀನೊಂದ್ ಚಮಚ ಕುಡಿ ನೋಡೋಣ, ಟೀಚರಮ್ಮ” ಅಂದಳು. ಕುಡಿದು ತೋರಿಸಿದೆ. ಆದರೂ ಬಾಯಿ ತೆರೆಯಲಿಲ್ಲ. ಅಂದಿನಿಂದ ಪಕ್ಕದ ಮನೆಯವರು ತರುವ ಚಹಾ ಕುಡಿದುಕೊಂಡೇ ಇದ್ದಾಳೆ.

ಬೇರೆಯವರ ಪಾಪಗಳನ್ನು ನಾನೂ ಕುತೂಹಲದಿಂದಲೇ ಕೇಳುತ್ತಿದ್ದೆ. ಅದು ನನ್ನ ತಪ್ಪು. ಆದರೆ ಯಾರದ್ದನ್ನೂ ಹೊರಗೆ ಒಯ್ಯಲಿಲ್ಲ.

ನನಗಾಗಿ ಪ್ರಾರ್ಥಿಸಬೇಡಿ. ಶನಿವಾರ ಬೆಳಿಗ್ಗೆ ನೀವೇ ಗಂಜಿ ಮಾಡಿ ತಂದು, ಅಮ್ಮನ ಮುಂದೆ ಕೂತು, ನಿಮ್ಮ ತಪ್ಪು ಒಪ್ಪಿಕೊಂಡು ಉಣ್ಣಿಸಿ. ಅಮ್ಮ ಬದುಕಬೇಕೆಂದೂ ನನಗೆ ಅನ್ನಿಸುತ್ತದೆ, ಬಹಳ ಸಲ. ಈ ಭಾನುವಾರ ಅದನ್ನೂ ಓದಿ.

ನಿಮ್ಮ ಕೂಟಕ್ಕೆ ಇನ್ನು ಬಾರದ,
ಡೋರೆಟ್ ಪಿನಾಕ್